ಆಚೆಮನೆ ಅಕ್ಕನ ಕೌದಿ

ಹಳೇ ಹತ್ತಿ ಸೀರೆ ಅಂಟುವಾಳದ ನೊರೆಯಲ್ಲಿ ನೆನೆದು, ಬಿಸಿಲಿಗೆ ಒಣಗುವಾಗ ಒಂದು ವಾಸನೆ ಬರ್ತದೆ. ಮೊನ್ನೆ ಅಂಗಳದಲ್ಲಿ ಅದು ಮೂಗಿಗೆ ಬಡಿದದ್ದೇ, ಆಚೆಮನೆ ಅಕ್ಕ ನೆನಪಾದಳು. ನಾನು ಅಜ್ಜಿಯಾಗಿದ್ದೇನೆ! ಮಗಳಿಗೆ ಹೆಣ್ಣು ಕೂಸು. ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ ನಂಗೆ. ಇಂಥ ಖುಷಿಯ ನಡುವೆ ಬಂದಳಲ್ಲ, ಹೊಟ್ಟೆ ಉರಿಸಲಿಕ್ಕೆ...

ಅಕ್ಕ ಹೆಬಳೆಯಿಂದ ನಮ್ಮ ಹಿರೇಗುತ್ತಿಗೆ ಮದುವೆಯಾಗಿ ಬಂದವಳು. ಹುಟ್ಟಿದ ಕೂಸನ್ನು ಹೊಸ ಬಟ್ಟೆಯಲ್ಲಿ ಮಲಗಿಸಬಾರದು, ಬಾಳಿ ಬದುಕಿದವರ ಹಳೇ ಬಟ್ಟೆಯೇ ಆಗಬೇಕು ಅಂತ ನಮ್ಮಲ್ಲಿ. ಹಾಗಾಗಿ ಕೇರಿಯಲ್ಲಿ ಯಾರು ಹೆತ್ತರೂ ಅವಳ ಕೌದಿಯೇ ಬೇಕು. ಸವೆದ ಸೀರೆಗಳ ಅಂಚು ಕತ್ತರಿಸಿ ತೆಗೆದು, ಪದರ ಪದರವಾಗಿ ಹಾಸಿ, ನೂಲಿನ ಗಂಟು ಒಂದೂ ಮೇಲೆ ಬಾರದ ಹಾಗೆ ಹೊಲಿಯುತ್ತಿದ್ದಳು.

ನನ್ನ ಮಗಳು ಹುಟ್ಟಿದಾಗ ನಾನು ಹಟ ಹಿಡಿದೆ. ನನ್ನ ಕೂಸಿಗೆ ಅವಳ ಕೌದಿ ಎಂತಕ್ಕೆ? ಚೆಂದ ಕಾಣಲಿ ಅಂತ ನನ್ನ ಮದುವೆ ಸೀರೆಯನ್ನೇ, ಜರಿ ಅಂಚು ಸಮೇತ ಹೊಲಿದೆ. ಮಲಗಿಸಿದ್ದೇ ಕೂಸು ಕಿರುಚಿತು. ಬೆನ್ನೆಲ್ಲ ಕೆಂಪು.

ಅಕ್ಕ ಬಂದು ಮುಟ್ಟಿ ನೋಡಿದಳು. "ಎಂತದೇ ತಂಗಿ ಇದು? ಕೂಸಿಗೆ ಹಾಸೂದೋ, ಕಾಯಿ ತುರಿಯೂದೋ?"

ಬಾಣಂತಿ ನೋಡಲು ಬಂದವರೆಲ್ಲ ನಕ್ಕರು. ಅವಳ ಕೌದಿ ಹಾಸಿದ್ದೇ ತಡ, ಮಗಳು ಕಣ್ಣು ಮುಚ್ಚಿದಳು. ನನ್ನ ಮಗಳು! ಶಾಲೆಗೆ ಹೋಗುವಷ್ಟು ದೊಡ್ಡವಳಾದರೂ ಅದನ್ನೇ ತಬ್ಬಿಕೊಂಡು ಮಲಗುತ್ತಿದ್ದಳು. ನಾನು ಪಕ್ಕದಲ್ಲೇ ಇದ್ದರೂ...

ಅಕ್ಕ ತೀರಿಕೊಂಡು ಎರಡು ಮಳೆಗಾಲ ಕಳೆಯಿತು. ಈಗ ಮಗಳು ಹೆತ್ತದ್ದೇ ನಾನು ಸೂಜಿ ಹಿಡಿದು ಕೂತೆ. ಉಟ್ಟು ಉಟ್ಟು ಬಣ್ಣ ಹೋದ ನನ್ನವೇ ಸೀರೆಗಳು. ಹೊಲಿದೆ, ಬಿಚ್ಚಿದೆ, ಮತ್ತೆ ಹೊಲಿದೆ. ಮೊಮ್ಮಗಳಾದರೂ ನನ್ನ ಕೌದಿಯ ಮೇಲೆ ಮಲಗಬೇಕು, ಅಷ್ಟೇ.

ಮಲಗಿತು! ಮುಷ್ಟಿ ಬಿಗಿದು, ಬಾಯಿ ತೆರೆದು, ನಿರಾಳ ಮಲಗಿತು. ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಮಗಳು ಕೌದಿ ಸವರಿ, "ಆಯಿ, ಆಚೆಮನೆ ದೊಡ್ಡಮ್ಮ ಹೊಲಿದ ಹಂಗೇ ಅದೆ!" ಅಂದಳು.

ನೋಡಿ, ಸತ್ತ ಮೇಲೂ ಬಿಡಲಿಲ್ಲ ಅವಳು! ಸಿಟ್ಟು ಬಂತು. ದಡದಡ ಅಂಗಳಕ್ಕೆ ಇಳಿದು ಬೇಲಿಯವರೆಗೂ ಹೋದೆ, ಬಾ ಮಾರಾಯ್ತಿ, ನೋಡು ಬಾ ಅಂತ ಕೂಗಲಿಕ್ಕೆ... ಆಚೆ ಅಕ್ಕನ ಸೊಸೆ ಪಾತ್ರೆ ತೊಳೆಯುತ್ತಿದ್ದಳು.

"ಎಂತ ಬೇಕಿತ್ತು ಚಿಕ್ಕಮ್ಮ?"

"ಎಂತ ಇಲ್ಲವೇ," ಅಂದೆ. "ನಿನ್ನ ಅತ್ತೆ ಬೇಕಿತ್ತು."