ತುಳಸಿಗೆ ನೀರು ಹಾಕಲು ಕೊಟ್ಟ ನಂಬರ್

ಕಳೆದ ಶನಿವಾರ ಮಧ್ಯಾಹ್ನ ನಾನು ಬಂದೂಕಿನ ತೋಟಾ ತುಂಬುವುದನ್ನು ಕಲಿಯಲು ಹೋಗಿದ್ದೆ.

ನೀವು ಓದಿದ್ದು ಸರಿಯಾಗಿಯೇ ಇದೆ. ಜಿರಲೆ ಕಂಡರೆ ಕುರ್ಚಿ ಹತ್ತುವ ಅದೇ ನಾನು. (ಹೊರಟಾಗ ಇವರು ಟಿವಿಯಿಂದ ಕಣ್ಣು ಕೀಳದೆ "ಬರ್ತಾ ಹಾಲು ತಗೊಂಡ್ಬಾ" ಎಂದಿದ್ದರು.)

ಕಲಿಸಿದವನು ಶ್ರೀಧರ. ಇಲ್ಲಿ ಅಮೆರಿಕದ ಏಪೆಕ್ಸ್ ಊರಿನಲ್ಲಿ ನಮ್ಮ ಮನೆಯಿಂದ ಮೂರನೇ ಮನೆ. ಮೈಸೂರಿನವನು, ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಔಷಧಿ ಕಂಪನಿಯಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತಾನೆ. ನನ್ನನ್ನು ಬಾಯಿ ತುಂಬ ಅಕ್ಕ ಎನ್ನುತ್ತಾನೆ. ನಾವು ಇಂಡಿಯಾಗೆ ಹೋದಾಗ ನಮ್ಮ ತುಳಸಿಗೆ ನೀರು ಹಾಕುವವನು ಅವನು. ಅವರು ಹೋದಾಗ ಅವರ ಕರಿಬೇವಿಗೆ ನಾನು. ಹಾಗಾಗಿ ನಮ್ಮ ಬಾಗಿಲಿನ ನಂಬರ್ ಬೀಗದ ಕೋಡ್ ಅವನಿಗೆ ಗೊತ್ತು, ಅವನದು ನನಗೆ. ನಮ್ಮ ಬಡಾವಣೆಯ ನಾಲ್ಕೂ ಕನ್ನಡದ ಮನೆಗಳು ನಡೆಯುವುದೇ ಹೀಗೆ. ಇಲ್ಲಿ ನೆಂಟರು ಎಂದರೆ ಬಾಗಿಲಿನ ನಾಲ್ಕು ಅಂಕಿ ಗೊತ್ತಿರುವವರು.

ಚಳಿಗಾಲದಲ್ಲಿ ಐಸ್ ಬಿದ್ದು ಮೂರು ದಿನ ಕರೆಂಟ್ ಹೋದಾಗ ಇದೇ ಅಂಕಣದಲ್ಲಿ ಗೋಳಾಡಿದ್ದೆ, ನೆನಪಿರಬಹುದು. ಒಂದು ವಿಷಯ ಮಾತ್ರ ಬರೆದಿರಲಿಲ್ಲ. ಮೂರನೇ ದಿನ ಗುರುತಿಲ್ಲದ ಟ್ರಕ್ಕೊಂದು ನಮ್ಮ ಬೀದಿಯಲ್ಲಿ ನಿಧಾನವಾಗಿ ಎರಡು ಸುತ್ತು ಹೊಡೆದು ಹೋಯಿತು. ಅಷ್ಟೇ, ಏನೂ ಆಗಲಿಲ್ಲ. ಆದರೆ ನಾನು ಪರದೆಯ ಹಿಂದೆ ಈಳಿಗೆಮಣೆ ಹಿಡಿದು ನಿಂತಿದ್ದೆ. (ಈಳಿಗೆಮಣೆಯಿಂದ ಯಾರನ್ನು ತಡೆಯಬಹುದು? ಹೆಚ್ಚೆಂದರೆ ಕಳ್ಳನನ್ನು ಕೂರಿಸಿ ಬದನೆಕಾಯಿ ಹೆಚ್ಚಿಸಬಹುದು.)

ಆಮೇಲೆ ಇದನ್ನು ಶ್ರೀಧರನಿಗೆ ಹೇಳಿದೆ. ಅವನು ನಗಲಿಲ್ಲ.

"ಬಂದು ಕಲ್ತ್ಕೊಳ್ಳಿ ಅಕ್ಕ. ಅಂಗಡೀಲಿ ಖಾಲಿ ಆದಾಗ ನಮ್ಮದು ನಮ್ಮ ಹತ್ರ ಇರ್ಬೇಕು."

ಸಿಟಿಜನ್ ಆದ ವರ್ಷವೇ ಬಂದೂಕು ಕೊಂಡವನು ಅವನು. ಕೋವಿಡ್ ಕಾಲದಲ್ಲಿ ಟಾಯ್ಲೆಟ್ ಪೇಪರ್ ಜೊತೆ ತೋಟಾಗಳೂ ಅಂಗಡಿಗಳಿಂದ ಮಾಯವಾದವಲ್ಲ, ಆಗ ರೀಲೋಡಿಂಗ್ ಕಲಿತನಂತೆ. ಒಮ್ಮೆ ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಚಿಪ್ಪನ್ನು ತೊಳೆದು, ಮತ್ತೆ ಮದ್ದು ತುಂಬಿ, ತುದಿಗೆ ಹೊಸ ಗುಂಡು ಕೂರಿಸುವುದು. ಪ್ಲಾಸ್ಟಿಕ್ ಡಬ್ಬಿಯನ್ನೂ ತೊಳೆದಿಡುವ ಜನ ನಾವು, ನಮಗೆ ಇದು ಹೊಸದೇ?

ಅವನ ಗರಾಜ್ ಲ್ಯಾಬಿನಷ್ಟು ಚೊಕ್ಕಟವಾಗಿತ್ತು. ಮೇಜಿಗೆ ಬಿಗಿದ ಪ್ರೆಸ್ಸು, ನಮ್ಮ ಶ್ಯಾವಿಗೆ ಒರಳಿಗೆ ಉದ್ದನೆಯ ಹಿಡಿ ಇಟ್ಟಂತಿತ್ತು. ಹೆಂಡತಿ ವಿದ್ಯಾ ಒಳಗೆ ಒಗ್ಗರಣೆ ಹಾಕುತ್ತಿದ್ದ ವಾಸನೆ ಬರುತ್ತಿತ್ತು. ಶ್ರೀಧರ ಫೋನ್ ಆಫ್ ಮಾಡಿಸಿದ. ಮದ್ದು ತೂಗುವಾಗ ಮಾತೇ ಇಲ್ಲ. ಹಿಡಿ ಎಳೆದರೆ ಕಟಕ್. ಮತ್ತೆ ಕಟಕ್. ನಾನು ಹತ್ತು ಮಾಡಿದೆ. ಸುಳ್ಳೇಕೆ ಹೇಳಲಿ, ಖುಷಿಯಾಯಿತು.

"ಇಷ್ಟೆಲ್ಲ ಯಾರಿಗೋ ಶ್ರೀಧರ? ಆ ಟ್ರಕ್ಕಿನವರಿಗಾ?"

ಅವನು ತಲೆ ಎತ್ತಲಿಲ್ಲ. "ಗೊತ್ತಿಲ್ದೋರು ಬರಲ್ಲ ಅಕ್ಕ. ನಮ್ಮನೇಲಿ ಏನಿದೆ ಅಂತ ಅವರಿಗೇನು ಗೊತ್ತು? ಗೊತ್ತಿರೋರೇ ಬರೋದು."

ಅವನ ಮನೆಯಲ್ಲಿ ಏನಿದೆ ಎಂದು ಗೊತ್ತಿರುವವರು ಯಾರು? ನಾನೇ. ನಾನು ಮಾಡಿದ ಹತ್ತನೆಯ ತೋಟಾ ಇನ್ನೂ ನನ್ನ ಅಂಗೈಯಲ್ಲೇ ಇತ್ತು. ಮೆಲ್ಲಗೆ ಟ್ರೇಯಲ್ಲಿಟ್ಟೆ.

ಆಗ ಗೋಡೆಯ ಮೇಲಿನ ವೈಟ್‌ಬೋರ್ಡ್ ಕಣ್ಣಿಗೆ ಬಿತ್ತು. ದುಂಡಗಿನ ಅಕ್ಷರದಲ್ಲಿ ನಮ್ಮ ನಾಲ್ಕು ಮನೆಗಳ ಹೆಸರು. ಎದುರಿಗೆ ಅಕ್ಕಿ, ಬೇಳೆ, ನೀರು, ಔಷಧಿ.

"ಇದೇನೋ?"

"ಪ್ಲಾನಿಂಗ್. ನಾಲ್ಕೂ ಮನೆ ಸೇರಿದ್ರೆ ಎಷ್ಟು ದಿನ ತಳ್ಳಬಹುದು ಅಂತ. ನಿಮ್ಮನೇಲಿ ಅಕ್ಕಿ ಎರಡು ಮೂಟೆ ಇತ್ತು, ಬೇಳೆ ಕಮ್ಮಿ. ಭಾವನ ಬಿಪಿ ಮಾತ್ರೆ ಮೂರು ತಿಂಗಳಿಗೆ ಆಗೋಷ್ಟಿತ್ತು."

"ನಿಂಗೆ ಹೇಗೆ ಗೊತ್ತು?"

"ಸಮ್ಮರಲ್ಲಿ ತುಳಸಿಗೆ ನೀರು ಹಾಕಕ್ಕೆ ಬರ್ತಿದ್ನಲ್ಲ."

ತುಳಸಿ ಇರುವುದು ಅಡುಗೆಮನೆಯ ಕಿಟಕಿಯಲ್ಲಿ. ಮಾತ್ರೆ ಇರುವುದು ಮಹಡಿಯ ಮೇಲೆ, ನಮ್ಮ ಬೆಡ್‌ರೂಮ್ ದಾಟಿ, ಬಾತ್‌ರೂಮಿನ ಕಪಾಟಿನಲ್ಲಿ.

ಅವನು ಅದನ್ನು ಎಷ್ಟು ಅಕ್ಕರೆಯಿಂದ ಹೇಳಿದ ಗೊತ್ತೇ? ತಮ್ಮನೊಬ್ಬ ಅಕ್ಕನ ಮನೆಯ ಕಷ್ಟಸುಖ ವಿಚಾರಿಸಿದಂತೆ. ನನಗೆ ಮೈ ಜುಮ್ಮೆಂದದ್ದು ಅದಕ್ಕೇ. ಹೊರಡುವಾಗ ವಿದ್ಯಾ ಮಾಡಿದ ಕೊಬ್ಬರಿ ಮಿಠಾಯಿಯನ್ನೂ ಕಟ್ಟಿಕೊಟ್ಟ. ಹಾಲು ತರುವುದು ಮರೆತೇ ಹೋಯಿತು.

ಇವರಿಗೆ ಎಲ್ಲ ಹೇಳಿದೆ.

"ಪಾಪ, ಒಳ್ಳೇ ಹುಡುಗ ಕಣೆ. ನಾಳೆ ನಮಗೇನಾದ್ರೂ ಆದ್ರೆ ಮೊದಲು ಬರೋನೇ ಅವನು."

"ನನಗೂ ಅದೇ ಭಯ" ಎಂದೆ.

ನಾನೇನು ಸಾಚಾ ಅಲ್ಲ. (ಕರಿಬೇವಿಗೆ ನೀರು ಹಾಕಲು ಹೋದಾಗ ಅವರ ಫ್ರಿಜ್ ತೆಗೆದಿದ್ದೇನೆ, ಹೆಪ್ಪಿಗೆ ಮೊಸರಿದೆಯೇ ಎಂದು. ಇತ್ತು. ತಂದೆ.) ಮೊಸರು ನೋಡುವುದಕ್ಕೂ ಮಾತ್ರೆ ಎಣಿಸುವುದಕ್ಕೂ ನಡುವೆ ಗೆರೆ ಎಲ್ಲಿದೆ? ಮೂರು ದಿನ ಕರೆಂಟ್ ಹೋದರೆ ಗೆರೆ ತಿಳಿಯಬಹುದು. ಎಂಟು ದಿನ ಹೋದರೆ?

ಭಾನುವಾರ ಬೆಳಗ್ಗೆ ಬಾಗಿಲಿನ ಕೋಡ್ ಬದಲಾಯಿಸಿದೆ. ಹನ್ನೊಂದು ವರ್ಷದಿಂದ ಇದ್ದ ನಂಬರ್. ಕಳ್ಳತನ ಮಾಡುತ್ತಿರುವವಳಂತೆ ಬೀದಿಯ ಎರಡೂ ಕಡೆ ನೋಡಿಕೊಂಡೆ. ಇವರನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ಮುಂದಿನ ತಿಂಗಳು ಬೆಂಗಳೂರಿಗೆ ಟಿಕೆಟ್ ಆಗಿದೆ, ತುಳಸಿಯ ಗತಿ ಏನು? ಅಷ್ಟು ಅಕ್ಕರೆಯವನನ್ನು ಹೊರಗಿಟ್ಟೆನಲ್ಲ ಎಂದು ನಾಚಿಕೆಯೂ ಆಯಿತು. ಹಳೆಯ ನಂಬರನ್ನೇ ಮತ್ತೆ ಹಾಕಿಬಿಡೋಣ ಎಂದುಕೊಂಡೆ.

ಗುರುವಾರ ನಾವಿಬ್ಬರೂ ಆಫೀಸಿನಲ್ಲಿದ್ದೆವು. ಮಧ್ಯಾಹ್ನ ಶ್ರೀಧರನ ಮೆಸೇಜ್ ಬಂತು.

"ಅಕ್ಕ, ಕೋಡ್ ಚೇಂಜ್ ಮಾಡಿದ್ದು ಒಳ್ಳೇದಾಯ್ತು. ನಾನೇ ಹೇಳ್ಬೇಕು ಅಂತಿದ್ದೆ."

ಕೊನೆಯಲ್ಲಿ ಕೈಮುಗಿದ ಚಿತ್ರ.

ನೀವೇ ಹೇಳಿ, ಹಳೆಯ ನಂಬರ್ ಒತ್ತಿ ನೋಡದೆ, ಅದು ಬದಲಾಗಿದೆ ಎಂದು ಗೊತ್ತಾಗುವುದಾದರೂ ಹೇಗೆ?