ನಜೀರನ ದಿಬ್ಬ, ನನ್ನ ಕತ್ತರಿ

2007ರಲ್ಲಿ ನಾನು ವಿದೇಶದ ಒಂದು ಕೊಲೈಡರ್ ಪ್ರಯೋಗದ ಗುಂಪಿನಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಜೊತೆಗೆ ಒಳ ವಿಮರ್ಶಕಿ. ಅಂದರೆ ಸಹೋದ್ಯೋಗಿಗಳ ಫಲಿತಾಂಶ ಹೊರಗೆ ಹೋಗುವ ಮುನ್ನ ಅದರಲ್ಲಿ ತಪ್ಪು ಹುಡುಕುವ ಕೆಲಸ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ಬಂದವಳಿಗೆ ಇದಕ್ಕಿಂತ ಒಪ್ಪುವ ಹುದ್ದೆ ಬೇರೆ ಉಂಟೆ?

ಆ ಬೇಸಿಗೆಯಲ್ಲಿ ನನ್ನ ಪಾಲಿಗೆ ಬಂದದ್ದು ಅದೇ ಗುಂಪಿನ ನಜೀರನ ಫಲಿತಾಂಶ. ನಾನು ಗೋಣಿಬೀಡಿನವಳು, ಅವನು ಬಣಕಲ್‌ನವನು. ಇಬ್ಬರೂ ರಜೆಗೆ ಊರಿಗೆ ಬಂದಿದ್ದೆವು.

ಪ್ರೋಟಾನ್‌ನಂತೆ ಮೂರು ಕ್ವಾರ್ಕ್‌ಗಳಿಂದಾದ ಕಣವೇ ಬೇರಿಯಾನ್. ಮೂರರಲ್ಲಿ ಒಂದು ಚಾರ್ಮ್ ಎಂಬ ಭಾರದ ಕ್ವಾರ್ಕ್ ಆದರೆ ಅದು ಭಾರ ಬೇರಿಯಾನ್. ಅದರ ಉತ್ತೇಜಿತ ರೂಪ ಹುಟ್ಟಿದ ಕ್ಷಣವೇ ಸಾಮಾನ್ಯ ಭಾರ ಬೇರಿಯಾನ್ ಮತ್ತು ಎರಡು ಪಯಾನ್ ಎಂಬ ಹಗುರ ಕಣಗಳಾಗಿ ಒಡೆಯುತ್ತದೆ. ಚೂರುಗಳ ಶಕ್ತಿ, ಮೊಮೆಂಟಮ್ ಅಳೆದು ಮೂಲಕಣದ ದ್ರವ್ಯರಾಶಿ ಲೆಕ್ಕ ಹಾಕುತ್ತೇವೆ. ಲಕ್ಷಾಂತರ ಘರ್ಷಣೆಗಳ ಗ್ರಾಫ್‌ನಲ್ಲಿ ಒಂದೇ ಜಾಗದಲ್ಲಿ ದಿಬ್ಬ ಎದ್ದರೆ, ಅಲ್ಲೊಂದು ಕಣ ಇರಬಹುದು. ನಜೀರ್ ಅಂಥ ದಿಬ್ಬ ಕಂಡಿದ್ದ. ಅವನ ಐದು ವರ್ಷದ ಪಿಎಚ್.ಡಿ. ಅದರ ಮೇಲೆ ನಿಂತಿತ್ತು. ಫೆಲೋಶಿಪ್ ಆಗಸ್ಟ್‌ಗೆ ಮುಗಿಯುತ್ತಿತ್ತು.

ನನಗೆ ನಂಬಿಕೆಯಾಗಲಿಲ್ಲ. ಅವನ ತಂದೆ ಅಬ್ಬಾಸ್ ಸಾಹೇಬರ ಜೀಪ್ ಗ್ಯಾರೇಜಿಗೆ ಲ್ಯಾಪ್‌ಟಾಪ್ ಹಿಡಿದು ಹೋದೆ.

"ನೋಡು, ನಿಧಾನದ ಪಯಾನ್ ಇರೋ ಘರ್ಷಣೆಲೇ ಕಸ ಜಾಸ್ತಿ, ಅದನ್ನೆಲ್ಲ ಕತ್ತರಿಸಿದೆ. ವೇಗದ ಮಿತಿ ಏರಿಸ್ತಾ ಹೋದ ಹಾಗೆ ನಿನ್ನ ದಿಬ್ಬ ಮಾಯ."

"ಎಲ್ಲಿ ತನಕ ಏರಿಸ್ದೆ ಮಾರಾಯ್ತಿ?"

"ಮಾಯ ಆಗೋ ತನಕ."

ನಜೀರ್ ನಕ್ಕುಬಿಟ್ಟ. "ಇದ್ರಿಂದ ಹುಟ್ಟೋ ಪಯಾನೇ ನಿಧಾನದ್ದು. ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತು. ಆದರೆ ಸೋಲುವ ಅಭ್ಯಾಸವಿರಲಿಲ್ಲ. "ನೀನು ಮಾಡಿದ್ದೇನು? ದಿಬ್ಬ ಎತ್ತರ ಕಾಣೋ ತನಕ ಮಿತಿ ಇಳಿಸಿದ್ದಲ್ವಾ?"

ಅವನ ನಗು ನಿಂತಿತು.

ಜೀಪಿನಡಿ ಮಲಗಿ ಬೋಲ್ಟು ಬಿಗಿಯುತ್ತಿದ್ದ ಸಾಹೇಬರು ತಲೆ ಹೊರಹಾಕಿದರು. "ಅಲ್ಲಮ್ಮಾ, ಗೇರಲ್ಲಿ ಸದ್ದು ಅಂತ ಗಿರಾಕಿ ಬಂದ್ರೆ, ನೀವು ಇಂಜಿನ್ ಆಫ್ ಮಾಡಿ, ಸದ್ದೇ ಇಲ್ಲ ಅಂತೀರಿ. ಇವ್ನು ಸೈಲೆನ್ಸರ್ ಬಿಚ್ಚಿಟ್ಟು, ಕೇಳಿ ಎಷ್ಟು ಸದ್ದು ಅಂತಾನೆ. ನಿಮ್ಮಿಬ್ರ ಕೈಗೂ ಸ್ಪ್ಯಾನರ್ ಕೊಡ್ಬಾರ್ದು."

ಆ ಮಧ್ಯಾಹ್ನ ಅಲ್ಲೇ, ಟೈರುಗಳ ಮೇಲೆ ಕೂತು ಒಪ್ಪಂದಕ್ಕೆ ಬಂದೆವು. ಹಳೆಯ ದತ್ತಾಂಶವನ್ನು ಇಬ್ಬರೂ ನೋಡಿ, ಬೇಕಾದ ಹಾಗೆ ಮಿತಿ ಜಗ್ಗಿ ಕೆಡಿಸಿದ್ದೆವು. ಆ ವರ್ಷದ ಹೊಸ ದತ್ತಾಂಶವನ್ನು ಇನ್ನೂ ಯಾರೂ ತೆರೆದಿರಲಿಲ್ಲ. ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಕೃತಕ ಘರ್ಷಣೆಗಳನ್ನಷ್ಟೇ ನೋಡಿ ಮಿತಿ ನಿರ್ಧರಿಸುವುದು, ಬರೆದು ಸಹಿ ಹಾಕುವುದು, ಆಮೇಲೆ ಒಂದೇ ಸಲ ತೆರೆಯುವುದು. ಬಂದದ್ದು ಬಂತು.

ಮೂರು ವಾರದ ನಂತರ ಪ್ರಯೋಗಾಲಯಕ್ಕೆ ಮರಳಿ ದತ್ತಾಂಶ ತೆರೆದಾಗ ನಜೀರ್ ಕಿಟಕಿಯತ್ತ ತಿರುಗಿ ನಿಂತ.

"ನೀನೇ ನೋಡಿ ಹೇಳು. ನಂಗಾಗಲ್ಲ."

ಅದೇ ಜಾಗದಲ್ಲಿ ದಿಬ್ಬವಿತ್ತು. ಅವನದಕ್ಕಿಂತ ಕುಳ್ಳು, ಅಂಚುಗಳು ಮಸುಕು. ಆದರೆ ಬೇರೆ ಕಣಗಳ ಗದ್ದಲದಲ್ಲಿ ಆಕಸ್ಮಿಕವಾಗಿ ಎದ್ದ ಏರಿಳಿತ ಎಂದು ತಳ್ಳಿಹಾಕಲು ನನ್ನ ಬಳಿ ವಾದ ಉಳಿದಿರಲಿಲ್ಲ.

"ಉಂಟು," ಎಂದೆ. "ನೀನು ಹೇಳಿದಷ್ಟಿಲ್ಲ."

"ಉಂಟಲ್ಲ!" ಎಂದವನು ತಿರುಗಿ ಪರದೆಯತ್ತ ಬಗ್ಗಿದ.

ಪ್ರಬಂಧದಲ್ಲಿ 'ಪತ್ತೆಯಾಗಿದೆ' ಎಂದಿದ್ದಲ್ಲಿ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ 'ಪುರಾವೆಯಿದೆ' ಎಂದು ತಿದ್ದಿದ. ಪದವಿ ಬಂತು. ಒಪ್ಪಿಗೆಯ ಹಾಳೆಯಲ್ಲಿ ನನ್ನ ಸಹಿಯೂ ಇದೆ.

ಚರ್ಚಾಸ್ಪರ್ಧೆಯಲ್ಲಿ ಪಕ್ಷ ಮೊದಲು ಸಿಗುತ್ತದೆ, ವಾದ ಆಮೇಲೆ. ವಿಮರ್ಶೆಯನ್ನೂ ನಾನು ಹಾಗೇ ಮಾಡಿದ್ದೆ. ಸಂದೇಹಪಡುವವಳಿಗೆ ಪಕ್ಷಪಾತವಿರುವುದಿಲ್ಲ ಎಂದು ನಂಬಿದ್ದೆ. ಈಗ ಯಾರದೇ ಫಲಿತಾಂಶ ಕೈಗೆ ಬಂದರೂ, ಏನು ಕಂಡರೆ ನನ್ನ ಸಂದೇಹ ಸೋತಂತೆ ಎಂದು ಮೊದಲೇ ಬರೆದು ಆ ಹಾಳೆಯನ್ನು ಅವರ ಕೈಗೇ ಕೊಟ್ಟುಬಿಡುತ್ತೇನೆ.