ಅವ್ವನಿಗೆ ಮಡಿಲು ತುಂಬಿದ ರೂಪಶ್ರೀ

ರೂಪಶ್ರೀಯನ್ನು ನಾನು ಮೊದಲು ಕಂಡದ್ದು ಶಾಲೆಯ ಸರಸ್ವತಿ ಪೂಜೆಯ ದಿನ. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯ ಒಂದು ಹಳ್ಳಿಗೆ ನಾನು ಆಗಷ್ಟೇ ವರ್ಗವಾಗಿ ಬಂದಿದ್ದೆ. ಮಕ್ಕಳ ತಾಯಂದಿರು ಹೂ ಮುಡಿದು, ತಟ್ಟೆಯಲ್ಲಿ ಕಾಯಿ, ಬಾಳೆಹಣ್ಣು ಇಟ್ಟುಕೊಂಡು ಬಂದು ಕುಳಿತಿದ್ದರು. ಒಂದನೆಯ ತರಗತಿಯ ಒಂದು ಹುಡುಗಿ ಮಾತ್ರ ಬಾಗಿಲಲ್ಲೇ ನಿಂತಿದ್ದಳು. ಒಳಗೂ ಬರಲೊಲ್ಲಳು, ಹೊರಗೂ ಹೋಗಲೊಲ್ಲಳು.

"ಬಾ ಮಗು, ಕೂತುಕೊ" ಎಂದೆ.

"ನಮ್ಮವ್ವ ಬಂದ್ರೆ ಬತ್ತೀನಿ."

"ನಿಮ್ಮವ್ವ ಎಲ್ಲಿ?"

ಹುಡುಗಿ ಕೈ ತೋರಿಸಿದಳು. ಬೇಲಿಯಾಚೆ, ಹೊಂಗೆ ಮರದ ಕೆಳಗೆ, ಇನ್ನೂ ಚಿಕ್ಕ ವಯಸ್ಸಿನ ಹೆಂಗಸೊಬ್ಬಳು ಸೆರಗು ಹೊದ್ದು ನಿಂತಿದ್ದಳು. ಬರಿಹಣೆ, ಬರಿಗೈ. ಗಂಡ ತೀರಿಕೊಂಡು ವರ್ಷವಾಗಿತ್ತಂತೆ. ಪೂಜೆ ಪುನಸ್ಕಾರವೆಂದರೆ ಅವಳು ಹೀಗೆ ತಾನಾಗಿಯೇ ದೂರ ನಿಲ್ಲುವಳಂತೆ.

"ಅವಳು ಬರಾಕಿಲ್ಲ ಬುಡಿ ಮೇಷ್ಟ್ರೇ, ನೀವು ಮಂಗಳಾರತಿ ಮಾಡ್ಸಿ" ಎಂದು ಮುಂದಿನ ಸಾಲಿನಿಂದ ಗಡುಸು ದನಿಯೊಂದು ಹೇಳಿತು. ಅದು ಹುಡುಗಿಯ ದೊಡ್ಡಪ್ಪ ರಂಗಸ್ವಾಮಿಯವರದು.

ಹುಡುಗಿ ದೊಡ್ಡಪ್ಪನ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ನೇರವಾಗಿ ಓಡಿಹೋಗಿ ತಾಯಿಯ ಸೆರಗು ಹಿಡಿದು ಎಳೆದಳು. ತಾಯಿ ಕದಲಲಿಲ್ಲ. ಹುಡುಗಿ ಅಲ್ಲೇ ಮಣ್ಣಿನಲ್ಲಿ ಕುಳಿತುಬಿಟ್ಟಳು. ಕುಳಿತಲ್ಲಿಂದಲೇ ಕೂಗಿದಳು: "ಅಂಗಾರೆ ಸರಸ್ವತೀನೇ ಇಲ್ಲಿಗೆ ಕರ್ಕಂಬನ್ನಿ!"

ಎಲ್ಲರೂ ನಕ್ಕರು. ಆ ದಿನ ತಾಯಿ ಮಗಳಿಬ್ಬರಿಗೂ ಪ್ರಸಾದ ಹೊಂಗೆ ಮರದ ಕೆಳಗೇ ಹೋಯಿತು.

ತಾಯಿಯ ಹೆಸರು ಚಿಕ್ಕಲಕ್ಷ್ಮಮ್ಮ. ಕೂಲಿ ಮಾಡಿ, ಎಮ್ಮೆ ಸಾಕಿ ಮಗಳನ್ನು ಪಿ.ಯು.ಸಿ.ವರೆಗೆ ಓದಿಸಿದರು. ಆಮೇಲೆ ರೂಪಶ್ರೀಗೆ ಅರುಣ್‌ಕುಮಾರ್ ಎಂಬ ಒಳ್ಳೆಯ ಹುಡುಗನೊಡನೆ ಮದುವೆಯಾಯಿತು. ಅವನದು ಸಾಮಾನು ಸಾಗಿಸುವ ಟೆಂಪೋ. ಮದುವೆಯಾದ ಮೇಲೆ ರೂಪಶ್ರೀ ತಾಯಿಯನ್ನೂ ಕರೆದುಕೊಂಡು ಹೊಳೆನರಸೀಪುರಕ್ಕೆ ಬಂದಳು. ಗಂಡನ ಟೆಂಪೋ ನಂಬಿಕೊಂಡು ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ತೆರೆದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಏಣಿ ಹತ್ತಿ ತಾನೇ ಹಗ್ಗ ಬಿಗಿಯುತ್ತಿದ್ದಳು. ಚನ್ನರಾಯಪಟ್ಟಣದ ಕಡೆಯ ಒಂದು ಮದುವೆ ಮನೆಯಲ್ಲಿ ಯಾರೋ ಹಂಗಿಸಿದರಂತೆ: "ಎಂಗ್ಸು ಕಟ್ಟಿದ ಚಪ್ಪರ ಗಾಳೀಲಿ ನಿಲ್ತದೇನವ್ವಾ?"

"ಗಂಟು ಆಕಿದ್ದು ಗಂಡ್ಸಾ ಎಂಗ್ಸಾ ಅಂತ ಗಾಳಿ ಕೇಳ್ಕಂಡು ಬೀಸ್ತದಾ ಅಣ್ಣ?" ಎಂದಳಂತೆ ಇವಳು.

ಚಿಕ್ಕಲಕ್ಷ್ಮಮ್ಮನವರು ಮಗಳ ಜೊತೆ ಎಲ್ಲ ಮದುವೆಗಳಿಗೂ ಹೋಗುತ್ತಿದ್ದರು. ಜಮಖಾನ ಹಾಸುವರು, ಪಾತ್ರೆ ಬೆಳಗುವರು, ತರಕಾರಿ ಹೆಚ್ಚುವರು. ವಾಲಗ ಜೋರಾದ ಕೂಡಲೇ ಅಡುಗೆ ಜಾಗಕ್ಕೆ ಅಡ್ಡ ಕಟ್ಟಿದ ತಗಡಿನ ಮರೆಗೆ ಸರಿದುಬಿಡುವರು. ಎಷ್ಟೋ ಜೋಡಿಗಳಿಗೆ ಅವರು ಹಾಸಿದ ಜಮಖಾನದ ಮೇಲೆ ಮದುವೆಯಾಯಿತು. ಆದರೆ ತಾಳಿ ಕಟ್ಟುವುದನ್ನು ಅವರು ಕಂಡದ್ದಿಲ್ಲ. ಟೆಂಪೋದಲ್ಲಿಯೂ ಅಷ್ಟೆ. ಹೊರಡುವಾಗ ಎದುರು ಬರಬಾರದೆಂದು ಹಿಂದುಗಡೆ ಪಾತ್ರೆಗಳ ನಡುವೆ ಹತ್ತಿ ಕೂರುವರು. ಮಗಳು ಬೈದರೂ ಕೇಳರು.

ಹೋದ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ, ರೂಪಶ್ರೀ ನಮ್ಮ ಮನೆಗೆ ಬಂದಳು. ನಾನು ನಿವೃತ್ತನಾಗಿ ಹೊಳೆನರಸೀಪುರದಲ್ಲೇ ನೆಲೆಸಿದ್ದೇನೆ.

"ಮೇಷ್ಟ್ರೇ, ಅವ್ವನಿಗೆ ಅರವತ್ತಾಯ್ತು. ಉಟ್ಟಿದ ದಿನ ಮಾಡ್ಬೇಕು ಅಂತಿದ್ದೀನಿ" ಎಂದಳು.

"ದಿನ ಗೊತ್ತೇನಮ್ಮ?"

"ಎಲ್ಲಿ ಗೊತ್ತು! ನಮ್ಮಜ್ಜಿ ಅವರೆಕಾಯಿ ಸುಲೀತಾ ಕೂತಿದ್ದಾಗ ನೋವು ಬಂತಂತೆ. ಅಷ್ಟೇಯ ಲೆಕ್ಕ. ಈಗ ಅವರೆಕಾಯಿ ಕಾಲ. ಬರೋ ಭಾನುವಾರ ಅವ್ವ ಉಟ್ಟಿದ್ಲು ಅಂತ ನಾನೇ ಗೊತ್ತು ಮಾಡಿವ್ನಿ. ಆದ್ರೆ ಗುಟ್ಟು. ಊರಿಗೆಲ್ಲ ತಿಳುದ್ರೂ ಚಿಂತೆ ಇಲ್ಲ, ಅವ್ವಂಗೆ ತಿಳೀಬಾರ್ದು. ಮೊದ್ಲೇ ಏಳುದ್ರೆ ಬ್ಯಾಡ ಅಂತಾಳೆ."

ಕೇಕಿನ ಜವಾಬ್ದಾರಿ ಅವಳ ಮಗಳು ಭಾನುಪ್ರಿಯಾಳದು. ಆ ಹುಡುಗಿ ಹಾಸನದ ಕಾಲೇಜಿನಲ್ಲಿ ಓದುತ್ತಾಳೆ. "ಕೇಕು ಗೀಕು ಅವಳಿಷ್ಟ, ಕತ್ತರಿಸ್ಕಳ್ಲಿ" ಎಂದಳು ರೂಪಶ್ರೀ. "ನಾನು ಅವ್ವಂಗೆ ಮಡಿಲು ತುಂಬ್ತೀನಿ."

ತವರಿನಿಂದ ಹೊರಡುವ ಹೆಣ್ಣುಮಗಳಿಗೆ ಅರಿಸಿನ ಕುಂಕುಮ ಕೊಟ್ಟು, ಅಕ್ಕಿ, ಬೆಲ್ಲ, ಕಾಯಿ, ರವಿಕೆ ಕಣವನ್ನು ಸೆರಗಿಗೆ ಹಾಕಿ ಕಳುಹಿಸುವುದು ನಮ್ಮ ಕಡೆಯ ನಡವಳಿಕೆ. ಗಂಡ ಹೋದ ಮೇಲೆ ಅದು ನಿಂತುಹೋಗುತ್ತದೆ. ಚಿಕ್ಕಲಕ್ಷ್ಮಮ್ಮನವರ ಅಣ್ಣಂದಿರು ಮಡಿಲಕ್ಕಿಯನ್ನಷ್ಟೇ ಅಲ್ಲ, ಹಬ್ಬಕ್ಕೆ ಕರೆಯುವುದನ್ನೂ ನಿಲ್ಲಿಸಿದ್ದರು.

"ಮಡಿಲು ತುಂಬುವುದು ತವರಿನವರಲ್ಲವೇನಮ್ಮ?" ಎಂದೆ.

"ಅವ್ರು ಬಾಗ್ಲು ಆಕ್ಕಂಡವ್ರೆ. ಇನ್ನು ನಮ್ಮನೇನೇ ಅವಳ ತವರು. ಯಾರು ಬ್ಯಾಡ ಅಂತಾರೋ ನೋಡೇಬುಡಾನ. ದೊಡ್ಡಪ್ಪಂಗೂ ಊಟಕ್ಕೆ ಏಳಿವ್ನಿ."

ಮುಂದಿನ ಕೆಲವು ದಿನ ಆ ಮನೆಯಲ್ಲಿ ಗುಟ್ಟೋ ಗುಟ್ಟು. ಹೊಸ ಸೀರೆಯನ್ನು ಸುತ್ತಿಟ್ಟ ಜಮಖಾನದೊಳಗೆ ಬಚ್ಚಿಟ್ಟರು. ಅಜ್ಜಿ ಬಂದ ಕೂಡಲೇ ಭಾನುಪ್ರಿಯಾ ಫೋನು ಇಟ್ಟುಬಿಡುವಳು. ಗಂಡ ಹೆಂಡತಿ ಮಾತನಾಡುತ್ತಿದ್ದವರು ಥಟ್ಟನೆ ಬಾಯಿ ಮುಚ್ಚುವರು. ಮೂಟೆಯ ತುಂಬ ಅವರೆಕಾಯಿ ಬಂದಾಗ "ಅರಕಲಗೂಡಿನೋರ ಆರ್ಡರು" ಎಂದರು. ಮನೆಯ ಮುಂದೆ ಶಾಮಿಯಾನ ಎದ್ದಾಗ "ಹೊಸಾ ಬಟ್ಟೆ, ಎಂಗೆ ಕಾಣ್ತದೆ ನೋಡಾನ ಅಂತ ಕಟ್ಟಿದ್ವಿ" ಎಂದನು ಅರುಣ್‌ಕುಮಾರ್. ಚಿಕ್ಕಲಕ್ಷ್ಮಮ್ಮನವರು ಏನೊಂದೂ ಕೇಳಲಿಲ್ಲ. ಅವರಿಗೆ ಸುಳಿವೇ ಸಿಕ್ಕಿಲ್ಲವೆಂದು ನಾವೆಲ್ಲ ಹಿಗ್ಗಿದೆವು.

ಭಾನುವಾರ ಬೆಳಿಗ್ಗೆ ಅರುಣ್‌ಕುಮಾರ್ ಅತ್ತೆಯನ್ನು ದೊಡ್ಡಗದ್ದವಳ್ಳಿಯ ದೇವಸ್ಥಾನಕ್ಕೆ ಕರೆದೊಯ್ದು, ಊಟದ ಹೊತ್ತಿಗೆ ಹಿಂದಕ್ಕೆ ಕರೆತರಬೇಕೆಂದು ಏರ್ಪಾಡಾಗಿತ್ತು. ಗಾಡಿ ಹೊರಡಿಸಿ ಕೂಗಿದರೆ ಅತ್ತೆ ಇಲ್ಲ. ಹಿತ್ತಲಲ್ಲಿಲ್ಲ, ನೆರೆಮನೆಯಲ್ಲಿಲ್ಲ. ಫೋನು ಗೂಡಿನಲ್ಲೇ ಬಿದ್ದಿತ್ತು. ಅವನು ಬಸ್ ನಿಲ್ದಾಣಕ್ಕೆ ಓಡಿದನು. ಭಾನುಪ್ರಿಯಾ ಹೊಳೆಯ ಮೆಟ್ಟಿಲಿನವರೆಗೆ ಹೋಗಿ ಅಳುತ್ತಾ ಹಿಂದಿರುಗಿದಳು. ಅಷ್ಟರಲ್ಲಿ ಜನ ಬರತೊಡಗಿದ್ದರು. ರಂಗಸ್ವಾಮಿಯವರು ಬಿಳಿ ಪಂಚೆಯುಟ್ಟು ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು, "ಯಾರದು ಏನು ಕಾರ್ಯ ಅಂತ್ಲೇ ಏಳ್ಳಿಲ್ವಲ್ಲ" ಎಂದು ಎಲ್ಲರನ್ನೂ ಕೇಳುತ್ತಿದ್ದರು.

ಆಗ ಅಡುಗೆಯ ಕೃಷ್ಣಪ್ಪ ಸೌಟು ಹಿಡಿದೇ ಬಂದನು.

"ರೂಪಕ್ಕ, ನೆನೆಯಾಕಿದ್ದ ಅವರೆಕಾಳು ಬೇಸಿನ್ ಸಮೇತ ಮಾಯ ಆಗದೆ ಕಣಕ್ಕ. ಬೇಳೆ ಇಲ್ದೆ ಇದುಕಿದ್ಬೇಳೆ ಸಾರು ಎಂಗೆ ಮಾಡ್ಲಿ, ನನ್ನ ತಲೆ ಆಕ್ಲಾ?"

ಕಾಳು ಹೊತ್ತೊಯ್ದದ್ದು ಯಾರೆಂದು ರೂಪಶ್ರೀಗೆ ಹೊಳೆಯಿತು. ಮರುಗಳಿಗೆಯಲ್ಲಿ ಹಿಂದಿನ ಓಣಿಯ ತಮ್ಮ ಸಾಮಾನಿನ ಗೋಡೌನಿನ ಕಡೆ ಓಡಿದಳು. ನಾನೂ ಹಿಂದೆಯೇ ಹೋದೆ.

ಷಟರ್ ಅರ್ಧ ಎಳೆದಿತ್ತು. ಒಳಗೆ, ಪೇರಿಸಿದ ಕುರ್ಚಿಗಳ ಮರೆಯಲ್ಲಿ ಚಿಕ್ಕಲಕ್ಷ್ಮಮ್ಮನವರು ಕುಳಿತಿದ್ದರು. ಮುಂದೆ ಬೇಸಿನ್. ನೆನೆದ ಕಾಳನ್ನು ಬೆರಳಲ್ಲಿ ಒತ್ತಿದರೆ ಬೇಳೆ ಒಂದು ಕಡೆ ಚಿಮ್ಮುತ್ತಿತ್ತು, ಸಿಪ್ಪೆ ಇನ್ನೊಂದು ಕಡೆ ಬೀಳುತ್ತಿತ್ತು.

"ಇಲ್ಲಿ ಏನ್ ಮಾಡ್ತಿದ್ದೀಯವ್ವಾ?"

"ಕೂಗ್ಬ್ಯಾಡ ಕಣೆ. ಬೇಳೆ ಆಯ್ತಾ ಬಂತು, ಕೃಷ್ಣಪ್ಪಂಗೆ ಕೊಟ್ಕಳ್ಸು. ಗಂಡಿನೋರು ಓದ್ಮೇಲೆ ಬತ್ತೀನಿ."

"ಯಾವ ಗಂಡಿನೋರು?"

"ನಂಗೇನು ತಿಳಿಯಾಕಿಲ್ವಾ? ಭಾನೂನ ನೋಡಾಕೆ ಬತ್ತಾವ್ರೆ. ಚಪ್ಪರ ಎದ್ದದೆ, ಹೊಸಾ ಸೀರೆ ಬಂದದೆ, ನಾನು ಬಂದ್ರೆ ಎಲ್ಲಾರೂ ಬಾಯಿ ಮುಚ್ಕತೀರಿ. ನಂಗೆ ಬೇಜಾರಿಲ್ಲ ಕಣವ್ವ. ಒಳ್ಳೆ ಕೆಲ್ಸಕ್ಕೆ ನಾನು ಎದ್ರುಗೆ ಬರೋದು ಬ್ಯಾಡ. ನೀನು ಎಂಗೆ ಏಳೋದು ಅಂತ ಒದ್ದಾಡ್ತಿದ್ದೆ, ಅದ್ಕೆ ನಾನೇ ಬಂದ್ಬುಟ್ಟೆ."

ರೂಪಶ್ರೀ ಷಟರಿನ ಅಂಚು ಹಿಡಿದುಕೊಂಡಳು. ಹಗ್ಗ ಜಾರಿ ಕಂಬ ಮೈಮೇಲೆ ಬಿದ್ದಾಗಲೂ ಅವಳ ಮುಖ ಹಾಗಾದದ್ದನ್ನು ನಾನು ಕಂಡಿರಲಿಲ್ಲ.

"ಅವ್ವಾ, ಯಾವ ಗಂಡೂ ಇಲ್ಲ. ಭಾನು ಓದು ಮುಗೀಲಿ. ಇವೆಲ್ಲ ನಿಂಗೆ. ನಿಂಗೆ ಅರವತ್ತಾಯ್ತು ಅಂತ. ಸೀರೆ ನಿಂಗೆ, ಚಪ್ಪರ ನಿಂಗೆ, ಬೇಳೆ ಸಾರೂ ನಿಂಗೇಯ. ಮಡಿಲು ತುಂಬಾನ ಅಂತಿದ್ದೆ."

ಚಿಕ್ಕಲಕ್ಷ್ಮಮ್ಮನವರ ಕೈ ನಿಂತಿತು. ಸಂತೋಷಪಡುವರೆಂದು ನಾನು ಎಣಿಸಿದ್ದೆ. ಅವರಿಗೆ ಬಂದದ್ದು ಸಿಟ್ಟು.

"ನನ್ನ ತಾವ ಗುಟ್ಟು ಮಾಡ್ಬ್ಯಾಡ ಕಣೆ. ಒಳ್ಳೇದಕ್ಕಾದ್ರೂ ಮಾಡ್ಬ್ಯಾಡ. ನನ್ನ ಕಂಡ್ರೆ ಮಾತು ನಿಲ್ಲಿಸೋರು ಊರ ತುಂಬಾ ಅವ್ರೆ. ನೀನೂ ಅಂಗೇ ಆದ್ಯಲ್ಲ ಅಂತ ಇಷ್ಟೊತ್ತೂ ಕಾಳು ಇದುಕ್ತಾ ಕೂತಿದ್ದೆ."

ರೂಪಶ್ರೀ ತಾಯಿಯ ಎದುರು ನೆಲದ ಮೇಲೆ ಕುಳಿತು, ಬೇಸಿನ್ನಿಗೆ ಕೈ ಹಾಕಿ ತಾನೂ ಕಾಳು ಹಿದುಕತೊಡಗಿದಳು. ಅವಳು ಉಟ್ಟಿದ್ದ ರೇಷ್ಮೆ ಸೀರೆಗೆ ನೀರು ಸಿಡಿಯಿತು.

"ಏಳೇ ಮ್ಯಾಕೆ, ಸೀರೆ ಕೆಡ್ತದೆ."

"ನೀನು ಎದ್ರೆ ಏಳ್ತೀನಿ."

"ಮೊಂಡಿ."

"ನಿನ್ನ ಮಗಳು."

"ಬಂದು ಕೂತ್ರೆ ಜನ ಏನಂದಾರು?"

"ಅನ್ಲಿ. ಅನ್ನೋರು ಕೂರೋ ಕುರ್ಚೀನೂ ನಮ್ದೇಯ."

ಚಿಕ್ಕಲಕ್ಷ್ಮಮ್ಮನವರಿಗೆ ನಗು ಬಂದುಬಿಟ್ಟಿತು. ಅದನ್ನು ತಡೆದುಕೊಂಡು ಕೇಳಿದರು: "ರಂಗಸ್ವಾಮಿ ಬಾವ ಬಂದವ್ರಾ?"

"ಬಂದವ್ರೆ. ಮುಂದ್ಗಡೆ ಕುರ್ಚೀಲಿ."

"ಅಂಗಾರೆ ನಡಿ" ಎಂದು ಅವರು ಎದ್ದರು.

ಹೊಸ ಸೀರೆ ಉಡಿಸಿ ತಾಯಿಯನ್ನು ಮಣೆಯ ಮೇಲೆ ಕೂರಿಸಿದರು. ರೂಪಶ್ರೀ ಅಕ್ಕಿಯ ಮೊರ ತೆಗೆದುಕೊಂಡಳು. ರಂಗಸ್ವಾಮಿಯವರು ಎದ್ದು ನಿಂತರು.

"ಏನಿದು ರೂಪ? ಇಂಥೋರಿಗೆ ಮಡಿಲು ತುಂಬೋದು ಎಲ್ಲಾದ್ರೂ ಕಂಡಿದ್ದೀಯಾ?"

"ಇಲ್ಲ ದೊಡ್ಡಪ್ಪ. ಇವತ್ತು ಕಾಣಾನ, ಕೂತ್ಕಳಿ."

"ಸತ್ತಿರೋ ನನ್ನ ತಮ್ಮನ ಮರ್ವಾದೆನಾದ್ರೂ ನೋಡ್ಬ್ಯಾಡ್ವಾ?"

"ನಮ್ಮಪ್ಪನ ಮರ್ವಾದೆ ಇಷ್ಟು ವರ್ಷ ತಗಡಿನ ಹಿಂದೆ ಕೂತು ಪಾತ್ರೆ ಬೆಳಗ್ತಿತ್ತಲ್ಲ, ಆಗ ಎಲ್ಲಿದ್ರಿ ನೀವು?"

"ನಾನಿಲ್ಲಿ ಊಟ ಮಾಡಾಕಿಲ್ಲ" ಎಂದರು ಅವರು, ಹೆಗಲ ವಸ್ತ್ರ ಕೊಡವಿ.

ರೂಪಶ್ರೀ ಇನ್ನೇನೋ ಅನ್ನುವುದರಲ್ಲಿದ್ದಳು. ಚಿಕ್ಕಲಕ್ಷ್ಮಮ್ಮನವರು ಕೈ ಅಡ್ಡ ಹಿಡಿದರು. ತಮ್ಮನ ಹೆಂಡತಿಯಾಗಿ ಬಂದ ಮೇಲೆ ಅವರು ರಂಗಸ್ವಾಮಿಯವರ ಮುಖ ನೋಡಿ ಮಾತನಾಡಿದ್ದೇ ಇಲ್ಲವಂತೆ. ಅಂದು ಮುಖವನ್ನೇ ನೋಡಿದರು.

"ಬಾವ, ಬೇಳೆ ಇದುಕಿದ್ದು ನಾನೇಯ. ನಿಮ್ಮನೆ ಮದ್ವೆಗೂ ನಾನೇ ಇದುಕಿದ್ದೆ, ನಾಮಕರಣಕ್ಕೂ ನಾನೇ ಇದುಕಿದ್ದೆ. ಆಗೆಲ್ಲ ಬೇಳೆ ನೋಡುದ್ರಿ, ಕೈ ನೋಡ್ಲಿಲ್ಲ. ಇವತ್ತು ಕೈನೂ ನೋಡ್ಕಂಡು ಉಣ್ಣಿ. ಇಲ್ದಿದ್ರೆ ಓಗ್ಬುಟ್ಟು ಬನ್ನಿ. ಮಗಳೇ, ಅಕ್ಕಿ ಆಕು."

ಹೀಗೆಂದು ಸೆರಗನ್ನು ತಾವೇ ಎರಡೂ ಕೈಯಲ್ಲಿ ಅಗಲವಾಗಿ ಹಿಡಿದರು.

ರಂಗಸ್ವಾಮಿಯವರು ಹೊರಟೇಹೋದರು. ಅವರ ಹಿಂದೆ ಒಂದಿಬ್ಬರು ಎದ್ದರು. ಉಳಿದವರು ಕುಳಿತೇ ಇದ್ದರು. ಕೃಷ್ಣಪ್ಪನ ಸಾರಿನ ವಾಸನೆಗೆ ಕುಳಿತರೋ, ನ್ಯಾಯಕ್ಕೆ ಕುಳಿತರೋ ನಾನು ಹೇಳಲಾರೆ. ಅಕ್ಕಿ, ಬೆಲ್ಲ, ಕಾಯಿ ಸೆರಗಿಗೆ ಬಿದ್ದವು. ಹೂ ಮುಡಿಸಲು ಹೋದರೆ "ಬ್ಯಾಡ, ತಲೆ ಸಿಡೀತದೆ" ಎಂದರು. ಕುಂಕುಮದ ಬಟ್ಟಲು ಬಂದಾಗ ಮಗಳ ಕೈ ಹಿಡಿದು, ಮೆಲ್ಲಗೆ, "ಚಿಕ್ಕದಾಗಿ ಇಡು. ನಿಮ್ಮಪ್ಪ ಚಿಕ್ಕದೇ ಚೆಂದ ಅನ್ನೋನು" ಎಂದರು. ಆಗ ಅಳದೆ ಇದ್ದವರು ಕಡಿಮೆ.

ಕೇಕಿನ ಕಥೆ ಬೇರೆ. "ಅಜ್ಜಿ, ಊದು" ಎಂದಳು ಭಾನುಪ್ರಿಯಾ. "ಉರಿಯೋ ದೀಪಾನ ಊದೋದಾ? ನಾನಂತೂ ಊದಾಕಿಲ್ಲ" ಎಂದು ಅಜ್ಜಿ ಬಾಯಿ ಬಿಗಿದು ಕುಳಿತರು. ಮೇಣವೆಲ್ಲ ಕರಗಿ ಕೇಕಿನ ಮೇಲೆ ಇಳಿಯಿತು. ಮೇಲಿನ ಪದರ ಕೆರೆದು ಹಾಕಿ ಉಳಿದದ್ದನ್ನು ಎಲ್ಲರಿಗೂ ಹಂಚಿದೆವು.

ರಂಗಸ್ವಾಮಿಯವರು ಆಮೇಲೆ ಆ ಮನೆಯ ಕಡೆ ತಲೆ ಹಾಕಿಲ್ಲ. ರೂಪಶ್ರೀ ಕರೆಯಲೂ ಹೋಗಿಲ್ಲ.

ಈಗಲೂ ಅವಳು ಶಾಮಿಯಾನ ಹಾಕುತ್ತಾಳೆ. ಕೆಲಸದಲ್ಲಿ ಒಂದು ಹೊಸ ಕಟ್ಟಳೆ ಸೇರಿಸಿಕೊಂಡಿದ್ದಾಳೆ. ಎಲ್ಲಿ ಚಪ್ಪರ ಎಬ್ಬಿಸಿದರೂ ಮೊದಲ ಕಂಬಕ್ಕೆ ಅರಿಸಿನ ಹಚ್ಚುವುದು ಅವಳ ತಾಯಿಯೇ. ಇದನ್ನು ಆರ್ಡರು ಹಿಡಿಯುವಾಗಲೇ ಹೇಳುತ್ತಾಳೆ, ಯಾವುದನ್ನೂ ಗುಟ್ಟು ಮಾಡುವುದಿಲ್ಲ. ಒಪ್ಪದವರೂ ಇದ್ದಾರೆ. ಹೋದ ತಿಂಗಳು ಅರಕಲಗೂಡಿನಲ್ಲಿ ಒಬ್ಬರು ಫೋನಿನಲ್ಲಿ ಹೂಂ ಎಂದಿದ್ದು, ಕಂಬ ನಿಲ್ಲಿಸುವ ಹೊತ್ತಿಗೆ ಮೂಗು ಮುರಿದರಂತೆ. ರೂಪಶ್ರೀ ಮರುಮಾತಾಡದೆ ಕಂಬಗಳನ್ನು ಟೆಂಪೋಗೆ ಹೇರಿಸಿದಳು.

ಆ ಸಂಜೆ ನಾನು ವಾಯುವಿಹಾರಕ್ಕೆಂದು ಹೋಗಿದ್ದಾಗ ಟೆಂಪೋ ಎದುರಿಗೆ ಬಂದು ನಿಂತಿತು. ಕಟ್ಟದೆ ಬಂದ ಚಪ್ಪರ ಹಿಂದುಗಡೆ ಸುತ್ತಿಕೊಂಡು ಬಿದ್ದಿತ್ತು. ಮುಂದಿನ ಸೀಟಿನಲ್ಲಿ ಚಿಕ್ಕಲಕ್ಷ್ಮಮ್ಮನವರು ಕುಳಿತಿದ್ದರು.

"ಹತ್ತಿ ಮೇಷ್ಟ್ರೇ, ಮನೆ ತಾವ ಬುಡ್ತೀವಿ" ಎಂದಳು ರೂಪಶ್ರೀ.

ಜಾಗವೆಲ್ಲಿ ಎಂದು ನಾನು ನೋಡಿದೆ. ಚಿಕ್ಕಲಕ್ಷ್ಮಮ್ಮನವರು ಕದಲಲಿಲ್ಲ.

"ನೀವು ಹಿಂದ್ಗಡೆ ಹತ್ಕಳಿ ಸಾ" ಎಂದರು. "ಪಾತ್ರೆ ಇಲ್ಲ ಇವತ್ತು, ಆರಾಮಾಗಿ ಕೂರ್ಬೋದು."